ಹೊನ್ನೆಯ ಚೇಗು, ಲೋಟದ ಸುಳ್ಳು

ಜಾತ್ರೆಯ ಸಾಲಿನಲ್ಲಿ, ವಸ್ತುಪ್ರದರ್ಶನದ ಮಳಿಗೆಗಳಲ್ಲಿ, ಪ್ರವಾಸಿಗರು ಇಳಿಯುವ ಬೆಟ್ಟದೂರುಗಳ ಅಂಗಡಿಗಳಲ್ಲಿ, ಈಗೀಗ ಅಂತರ್ಜಾಲದ ಮಾರುಕಟ್ಟೆಯಲ್ಲಿಯೂ ಒಂದು ಮರದ ಲೋಟ ಮಾರಾಟವಾಗುತ್ತಿದೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬುದು ಮಾರುವವರ ಮಾತು. ಕೆಲವರು ಇನ್ನೂ ಮುಂದೆ ಹೋಗಿ, ಗುಳಿಗೆಯೇ ಬೇಡವಾಗುತ್ತದೆ ಎನ್ನುತ್ತಾರೆ. ನೀರು ಹೊಂಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಮಿನುಗುವುದನ್ನು ಕಂಡ ಗಿರಾಕಿ ಬೆರಗಾಗಿ ಹಣ ಎಣಿಸುತ್ತಾನೆ. ಆ ಲೋಟ ಹೊನ್ನೆಯ ಚೇಗಿನದು. ಅದರ ಬೆಲೆಯನ್ನು ಗಿರಾಕಿಯೊಬ್ಬನೇ ತೆರುತ್ತಿಲ್ಲ, ಕಾಡೂ ತೆರುತ್ತಿದೆ.

ಹೊನ್ನೆ ಒಣಕಾಡಿನ ಮರ. ಘಟ್ಟದ ಪೂರ್ವದ ಇಳಿಜಾರಿನಲ್ಲಿ ಮಳೆ ಇಳಿಮುಖವಾಗುತ್ತ ಬಯಲುಸೀಮೆ ಆರಂಭವಾಗುವಲ್ಲಿ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ದಾಂಡೇಲಿಗಳ ಎಲೆಯುದುರುವ ಕಾಡುಗಳಲ್ಲಿ, ಮತ್ತಿ, ದಿಂಡಿಗ, ತಾರೆ, ನೆಲ್ಲಿಗಳ ಒಡನಾಟದಲ್ಲಿ ಅದು ಬೆಳೆಯುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಅಸನ, ಬೀಜಕ ಎಂಬ ಹೆಸರುಗಳಿವೆ. ಔಷಧದ ಅಂಗಡಿಯಲ್ಲಿ ಅದು ವಿಜಯಸಾರ. ಸಸ್ಯಶಾಸ್ತ್ರದಲ್ಲಿ ಟೆರೋಕಾರ್ಪಸ್ ಮಾರ್ಸುಪಿಯಂ. ಕರಾವಳಿಯಲ್ಲಿ ದೀಪದ ಎಣ್ಣೆ ಕೊಡುತ್ತಿದ್ದ ಹೊನ್ನೆ ಬೇರೆಯದೇ ಜಾತಿ. ಹೆಸರು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ಲೋಟದ ವ್ಯಾಪಾರವು ಒಂದೇ ಏಟಿಗೆ ಎರಡು ಅನ್ಯಾಯಗಳನ್ನು ಮಾಡುತ್ತಿದೆ. ರೋಗಿಗೆ ರುಜುವಾತಾಗದ ಭರವಸೆಯನ್ನು ಮಾರುತ್ತಿದೆ; ಆ ಭರವಸೆಗಾಗಿ ದಶಕಗಳ ಕಾಲ ಬೆಳೆದ ಮರವನ್ನು ಬುಡಸಹಿತ ಬೇಡುತ್ತಿದೆ. ಹೊನ್ನೆಗೆ ಔಷಧೀಯ ಗುಣವಿಲ್ಲ ಎಂಬುದು ಇಲ್ಲಿನ ವಾದವಲ್ಲ. ಗುಣ ಇರುವುದರಿಂದಲೇ, ಅದು ಮರದ ಯಾವ ಭಾಗದಲ್ಲಿ, ಎಷ್ಟು, ಯಾವ ರೂಪದಲ್ಲಿದೆ ಎಂಬುದನ್ನು ಹಳ್ಳಿಗರೂ ವಿದ್ಯಾರ್ಥಿಗಳೂ ತಿಳಿದಿರಬೇಕು. ತಿಳಿದವರಿಗೆ ಲೋಟ ಮಾರುವುದು ಕಷ್ಟ.

ಮರವೊಂದು, ಮದ್ದು ಹಲವು

ಹೊನ್ನೆಯ ತೊಗಟೆಗೆ ಕತ್ತಿಯ ಏಟು ಬಿದ್ದರೆ ರಕ್ತದಂತಹ ಕೆಂಪು ಅಂಟು ಒಸರುತ್ತದೆ. ಗಾಳಿಗೆ ಒಣಗಿದಾಗ ಅದು ಕಪ್ಪುಗೆಂಪಿನ, ಸುಲಭವಾಗಿ ಪುಡಿಯಾಗುವ ಹರಳುಗಳಾಗುತ್ತದೆ. ಇದರ ಮುಖ್ಯ ಘಟಕ ಟ್ಯಾನಿನ್, ಎಂದರೆ ಅಡಿಕೆಯ ಚೊಗರಿನಲ್ಲೂ ನೆಲ್ಲಿಯ ಒಗರಿನಲ್ಲೂ ಇರುವ ಬಗೆಯ ವಸ್ತು. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಂಡು ಅಂಗಾಂಶವನ್ನು ಬಿಗಿಗೊಳಿಸುತ್ತದೆ. ಭೇದಿಗೆ, ಹಲ್ಲುನೋವಿಗೆ, ಹುಣ್ಣಿಗೆ ನಾಟಿ ವೈದ್ಯರು ಈ ಅಂಟನ್ನು ಬಳಸಿದ್ದರ ಹಿಂದಿನ ಕಾರಣ ಇದೇ. ಮಲಬಾರ್ ಕೈನೊ ಎಂಬ ಹೆಸರಿನಲ್ಲಿ ಹಡಗೇರಿದ ಇದೇ ಅಂಟು ಬ್ರಿಟಿಷ್ ಫಾರ್ಮಕೋಪಿಯದಲ್ಲಿಯೂ ಸ್ಥಾನ ಪಡೆದಿತ್ತು. ಎಲೆಯನ್ನು ಅರೆದು ಚರ್ಮದ ಹುಣ್ಣುಗಳಿಗೆ ಹಚ್ಚುವುದೂ, ಸೊಪ್ಪನ್ನು ದನಗಳಿಗೆ ಮೇವಾಗಿ, ಗದ್ದೆಗೆ ಗೊಬ್ಬರವಾಗಿ ಬಳಸುವುದೂ ರೂಢಿಯಲ್ಲಿದೆ. ಸೊಪ್ಪು ಮತ್ತೆ ಚಿಗುರುತ್ತದೆ. ಹದವರಿತು ಮಾಡಿದ ಗಾಯ ಮಾಯುತ್ತದೆ. ಈ ಎರಡು ಮದ್ದುಗಳನ್ನು ಪಡೆದ ಮೇಲೂ ಮರ ನಿಂತಿರುತ್ತದೆ.

ಚೇಗಿನ ಕಥೆ ಬೇರೆ. ಮರದ ಹೊರಭಾಗದ ಬಿಳಿ ಪದರ ಜೀವಂತವಾಗಿದ್ದು ನೀರನ್ನು ಸಾಗಿಸುತ್ತದೆ. ಮರಕ್ಕೆ ವಯಸ್ಸಾದಂತೆ ಒಳಗಿನ ಜೀವಕೋಶಗಳು ಸಾಯುತ್ತವೆ. ಸಾಯುವ ಮುನ್ನ ತಮ್ಮಲ್ಲಿ ಉಳಿದ ಆಹಾರವನ್ನು ಫೀನಾಲಿಕ್ ಸಂಯುಕ್ತಗಳಾಗಿ ಮಾರ್ಪಡಿಸಿ ಅಲ್ಲಿಯೇ ಬಿಟ್ಟುಹೋಗುತ್ತವೆ. ಶಿಲೀಂಧ್ರ ಮತ್ತು ಗೆದ್ದಲುಗಳ ಎದುರು ಮರ ಕಟ್ಟಿಕೊಂಡ ಕೋಟೆ ಅದು. ಟೆರೊಸ್ಟಿಲ್ಬೀನ್, ಮಾರ್ಸುಪ್ಸಿನ್, ಟೆರೊಸುಪಿನ್, ಲಿಕ್ವಿರಿಟಿಜೆನಿನ್ ಮುಂತಾದವನ್ನು ರಸಾಯನಶಾಸ್ತ್ರಜ್ಞರು ಹೊನ್ನೆಯ ಚೇಗಿನಲ್ಲಿ ಗುರುತಿಸಿದ್ದಾರೆ. ಎಳೆಯ ಮರದಲ್ಲಿ ಚೇಗು ತೀರ ಕಡಿಮೆ. ಅದು ಕಾಲದ ಸಂಚಯ. ಮರವನ್ನು ಉರುಳಿಸದೆ ಕೈಗೆ ಸಿಗದು. ಸೊಪ್ಪು, ಅಂಟುಗಳನ್ನು ಕಾಡಿನ ಬಡ್ಡಿ ಎನ್ನುವುದಾದರೆ ಚೇಗು ಕಾಡಿನ ಅಸಲು. ಲೋಟದ ವ್ಯಾಪಾರಿ ಕೈ ಹಾಕಿರುವುದು ಅಸಲಿಗೆ.

ಪ್ರಯೋಗಗಳು ಹೇಳಿದ್ದೆಷ್ಟು?

‘ವಿಜ್ಞಾನವೇ ಒಪ್ಪಿದೆ’ ಎಂಬುದು ಮಾರಾಟದ ಚೀಟಿಗಳಲ್ಲಿ ಕಾಣುವ ಮಾತು. ವಿಜ್ಞಾನ ಒಪ್ಪಿದ್ದೇನು?

1982ರಲ್ಲಿ ಭಾರತೀಯ ಸಂಶೋಧಕರು ಹೊನ್ನೆಯ ತೊಗಟೆಯ ಎಪಿಕ್ಯಾಟೆಚಿನ್ ಎಂಬ ವಸ್ತುವಿನ ಬಗ್ಗೆ ವರದಿ ಪ್ರಕಟಿಸಿದರು. ಔಷಧ ಕೊಟ್ಟು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳು ಈ ವಸ್ತುವಿನಿಂದ ಮರುಹುಟ್ಟು ಪಡೆದವು ಎಂಬುದು ಅದರ ಸಾರಾಂಶ. ಜಗತ್ತಿನ ಗಮನ ಸೆಳೆದ ಸುದ್ದಿ ಅದು. ಆದರೆ ನಂತರದ ವರ್ಷಗಳಲ್ಲಿ ಬೇರೆ ಪ್ರಯೋಗಾಲಯಗಳು ಅದೇ ಪ್ರಯೋಗವನ್ನು ಮಾಡಿ ನೋಡಿದಾಗ ಆ ಫಲ ದೊರೆಯಲಿಲ್ಲ. ಚೀಟಿಗಳಲ್ಲಿ ಮೊದಲ ಸುದ್ದಿ ಮಾತ್ರ ಉಳಿದಿದೆ. 1997ರಲ್ಲಿ ಚೇಗಿನ ಮಾರ್ಸುಪ್ಸಿನ್ ಮತ್ತು ಟೆರೊಸ್ಟಿಲ್ಬೀನ್‌ಗಳು ಇಲಿಗಳ ರಕ್ತದ ಸಕ್ಕರೆಯನ್ನು ಇಳಿಸಿದ ವರದಿ ಬಂದಿತು. ಅದೂ ಇಲಿಗಳ ಮಾತು.

ಮನುಷ್ಯರ ಮೇಲಿನ ಮುಖ್ಯ ಪ್ರಯೋಗವನ್ನು ನಡೆಸಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ನಾಲ್ಕು ಕೇಂದ್ರಗಳಲ್ಲಿ, ಹೊಸದಾಗಿ ಕಾಯಿಲೆ ಪತ್ತೆಯಾದ ಅಥವಾ ಅದುವರೆಗೆ ಚಿಕಿತ್ಸೆ ಪಡೆಯದಿದ್ದ 97 ಮಂದಿಗೆ ವಿಜಯಸಾರದ ಸಾರವನ್ನು ಕೊಡಲಾಯಿತು. 12 ವಾರಗಳಲ್ಲಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತು ಎಂದು 1998ರಲ್ಲಿ ವರದಿಯಾಯಿತು. ಇದು ಸಣ್ಣ ಸಂಗತಿಯಲ್ಲ. ಆದರೆ ವರದಿಯ ಉಳಿದ ಅಂಕಿಗಳನ್ನೂ ಓದಬೇಕು. ಬರಿಹೊಟ್ಟೆಯ ಸಕ್ಕರೆ ಸರಾಸರಿ 151 ಮಿಲಿಗ್ರಾಂನಿಂದ 32ರಷ್ಟು, ಊಟದ ನಂತರದ್ದು 216ರಿಂದ 45ರಷ್ಟು ಇಳಿಯಿತು. ಹಲವು ವಾರಗಳ ಸಕ್ಕರೆಯ ಮಟ್ಟವನ್ನು ಸೂಚಿಸುವ ಎಚ್‌ಬಿಎ1ಸಿ ಪ್ರಮಾಣ ಶೇಕಡ 9.8ರಿಂದ 9.4ಕ್ಕೆ ಮಾತ್ರ ಇಳಿಯಿತು. ಮೇಲಾಗಿ ಅದು ಮುಕ್ತ ಪ್ರಯೋಗ. ಮದ್ದನ್ನು ಕೊಡುವವರಿಗೂ ಪಡೆಯುವವರಿಗೂ ಅದೇನೆಂದು ಗೊತ್ತಿತ್ತು. ಆಸೆ ಹುಟ್ಟಿಸುವ ಆರಂಭ ಎನ್ನಬಹುದು. ಗುಳಿಗೆ ಬಿಡಿಸುವ ಪರವಾನಗಿ ಎನ್ನಲಾಗದು.

ಆ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ, ತೂಗಿ ಅಳೆದ ಸಾರ. ಲೋಟದಲ್ಲಿ ನೆನೆದ ನೀರಿಗೆ ಅಳತೆ ಎಲ್ಲಿದೆ? ಮರದಿಂದ ಮರಕ್ಕೆ, ಚೇಗಿನ ವಯಸ್ಸಿನಿಂದ ವಯಸ್ಸಿಗೆ, ಹೊಸ ಲೋಟಕ್ಕೂ ಹಳೆಯ ಲೋಟಕ್ಕೂ ನೀರಿಗೆ ಇಳಿಯುವ ಸತ್ವ ಬದಲಾಗುತ್ತದೆ. ಹೆಚ್ಚು ಪ್ರಚಾರದಲ್ಲಿರುವ ಟೆರೊಸ್ಟಿಲ್ಬೀನ್ ನೀರಿನಲ್ಲಿ ಕರಗುವುದೇ ತೀರ ಕಡಿಮೆ. ಬೆರಗು ಹುಟ್ಟಿಸುವ ನೀಲಿ ಮಿನುಗು ನೀರಿನಲ್ಲಿ ಕರಗಿದ ಕೆಲವು ಸಂಯುಕ್ತಗಳ ಮೇಲೆ ಬೆಳಕು ಆಡುವ ಆಟ; ಅದು ರೋಗ ವಾಸಿಯಾಗುವುದರ ಗುರುತಲ್ಲ. ಈ ಮಿನುಗನ್ನು ನಂಬಿ ಗುಳಿಗೆ ಅಥವಾ ಇನ್ಸುಲಿನ್ ಬಿಟ್ಟವರಿಗೆ ಮುಂದೆ ಎದುರಾಗುವುದು ಮಾಯದ ಕಾಲಿನ ಹುಣ್ಣು, ಕಂದಿದ ಕಣ್ಣು, ಸೋತ ಮೂತ್ರಪಿಂಡ.

ಕಾಡಿನ ಲೆಕ್ಕ

2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹವುಳ್ಳವರ ಸಂಖ್ಯೆ 10 ಕೋಟಿಯನ್ನು ದಾಟಿದೆ. ಇವರಲ್ಲಿ ನೂರಕ್ಕೆ ಒಬ್ಬರು ವರ್ಷಕ್ಕೆ ಒಂದು ಲೋಟ ಕೊಂಡರೂ ಹತ್ತು ಲಕ್ಷ ಲೋಟಗಳು ಬೇಕು. ಬಣ್ಣ ಬಿಡುವುದು ನಿಂತೊಡನೆ ಹೊಸದು ಕೊಳ್ಳಿ ಎಂದು ಮಾರುವವರೇ ಹೇಳುತ್ತಾರೆ. ಅಂದರೆ ಬೇಡಿಕೆಗೆ ಕೊನೆಯಿಲ್ಲ. ಲೋಟವನ್ನು ಗಟ್ಟಿ ತುಂಡಿನಿಂದ ಕೊರೆಯುವಾಗ ಒಳಗಿನ ಚೇಗೆಲ್ಲ ಹೊಟ್ಟಾಗಿ ಉದುರುತ್ತದೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಕಾಡು ಈ ಬೇಡಿಕೆಯನ್ನು ತಾಳಬಲ್ಲುದೆ? ಬಾಗಿಲು, ಕಿಟಕಿ, ಗಾಡಿ, ನೇಗಿಲುಗಳಿಗೆ ಹೊನ್ನೆ ಮೊದಲಿನಿಂದಲೂ ಕಡಿಯಲ್ಪಟ್ಟಿದೆ. ವಸಾಹತು ಕಾಲದಿಂದ ಸ್ವಾತಂತ್ರ್ಯಾನಂತರದ ದಶಕಗಳವರೆಗೆ, ನಾನಾ ಜಾತಿಯ ಎಲೆಯುದುರುವ ಕಾಡುಗಳನ್ನು ಬೋಳಿಸಿ ತೇಗದ ನೆಡುತೋಪುಗಳನ್ನು ಎಬ್ಬಿಸಿದಾಗ ಹೊನ್ನೆಯ ನೆಲೆಯೂ ಕುಗ್ಗಿತು. ಅದರ ಬೀಜ ಗಟ್ಟಿಯಾದ, ಸುತ್ತ ರೆಕ್ಕೆಯಿರುವ ಕಾಯಿಯೊಳಗೆ ಸಿಕ್ಕಿಕೊಂಡಿರುತ್ತದೆ, ಮೊಳಕೆ ಕಡಿಮೆ. ಮೊಳೆತ ಸಸಿಗೆ ಬೆಂಕಿಯ, ದನದ ಬಾಯಿಯ ಭಯ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಹೊನ್ನೆ ಅಪಾಯಕ್ಕೆ ಸಮೀಪವಿರುವ ಮರಗಳ ಸಾಲಿಗೆ ಸೇರಿರುವುದು ಸುಮ್ಮನೆ ಅಲ್ಲ.

ಶಾಸ್ತ್ರದ ನೆಪ, ಕಾನೂನಿನ ಬಾಗಿಲು

ಚೇಗನ್ನು ಬಳಸಿರೆಂದು ಶಾಸ್ತ್ರಗಳೇ ಹೇಳಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹೇಳಿವೆ. ಸುಶ್ರುತನ ಸಾಲಸಾರಾದಿ ಗಣದಲ್ಲಿ ಅಸನವಿದೆ. ವಾಗ್ಭಟನ ಒಂದು ಗಣಕ್ಕೆ ಅಸನಾದಿ ಎಂದೇ ಹೆಸರು. ಪ್ರಮೇಹ, ಕುಷ್ಠಗಳಿಗೆ ಅವು ಹೇಳಿದ ಮದ್ದುಗಳಲ್ಲಿ ಈ ಮರ ಸೇರಿದೆ. ಆದರೆ ಅಲ್ಲಿ ಅದು ಹಲವು ಮರಗಳ ಗುಂಪಿನಲ್ಲಿ ಒಂದು. ರೋಗಿಯನ್ನು ಕಂಡು, ಪಥ್ಯ ಹೇಳಿ, ಅಳತೆಯರಿತು ವೈದ್ಯನು ಕೊಡುವ ಕಷಾಯದ ಭಾಗ. ಬಾಗಿಲು ಕೆತ್ತುವ ಬಡಗಿಯ ಉಳಿಯಡಿ ಬಿದ್ದ ಚಕ್ಕೆಯಿಂದಲೂ ಆ ಕಷಾಯ ಆದೀತು. ಲೋಟದ ಕಾರ್ಖಾನೆಗೆ ಶಾಸ್ತ್ರವನ್ನು ಸಾಕ್ಷಿಯಾಗಿ ಕರೆಯುವುದು ಶಾಸ್ತ್ರಕ್ಕೇ ಮಾಡುವ ಅಪಚಾರ.

ಕುಶಲಕರ್ಮಿಗಳ ಹೊಟ್ಟೆಪಾಡಿನ ಮಾತೂ ಬರುತ್ತದೆ. ಅದು ಹಗುರವಾದ ಮಾತಲ್ಲ. ಆದರೆ ಕೆತ್ತುವವನ ಕೂಲಿಗೂ ಪೇಟೆಯ ಬೆಲೆಗೂ ನಡುವೆ ಇರುವ ಅಂತರವನ್ನು ಯಾರು ತಿನ್ನುತ್ತಾರೆಂದು ಕೇಳಿದರೆ ಉತ್ತರ ಬೇರೆಯೇ ಸಿಗುತ್ತದೆ. ಹೊನ್ನೆ ಮುಗಿದ ದಿನ ಕೆತ್ತುವವನ ಕೆಲಸವೂ ಮುಗಿಯುತ್ತದೆ. ವ್ಯಾಪಾರಿ ಬೇರೊಂದು ಮರಕ್ಕೆ ಕೈ ಹಾಕುತ್ತಾನೆ.

ಕಾನೂನು ಯಾರ ಪಕ್ಷದಲ್ಲಿದೆ? 2002ರ ಜೀವವೈವಿಧ್ಯ ಕಾಯ್ದೆ, ಜೈವಿಕ ಸಂಪನ್ಮೂಲದಿಂದ ಲಾಭ ಮಾಡುವವರು ಅದನ್ನು ಕಾಪಾಡಿದ ಜನರೊಂದಿಗೆ ಲಾಭವನ್ನು ಹಂಚಿಕೊಳ್ಳಬೇಕೆಂಬ ತತ್ವವನ್ನು ಒಪ್ಪಿತು. ದೇಶೀಯ ಕಂಪನಿಗಳಿಗೂ ಈ ಹೊಣೆಯಿದೆ ಎಂದು 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಐದು ವರ್ಷ ಕಳೆಯುವುದರೊಳಗೆ, 2023ರ ತಿದ್ದುಪಡಿ, ಗ್ರಂಥಸ್ಥ ಪಾರಂಪರಿಕ ಜ್ಞಾನಕ್ಕೆ ವಿನಾಯಿತಿಯ ಬಾಗಿಲನ್ನು ತೆರೆಯಿತು; ಜೈಲುಶಿಕ್ಷೆಯ ಜಾಗದಲ್ಲಿ ದಂಡವನ್ನು ಇರಿಸಿತು. ವಿಜಯಸಾರ ಗ್ರಂಥದಲ್ಲಿರುವ ಮದ್ದು. ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ, ಆ ಮರವನ್ನು ಬೆಂಕಿಯಿಂದ ಕಾಯ್ದ ಸೋಲಿಗನಿಗೂ ಬೆಟ್ಟದ ರೈತನಿಗೂ ಪಾಲಿಲ್ಲ ಎನ್ನುವುದು ಯಾವ ನ್ಯಾಯ? ಬರೆದಿಟ್ಟವರ ಜ್ಞಾನ ಎಲ್ಲರದ್ದಾಯಿತು. ಮರವನ್ನು ಉಳಿಸಿದವರ ದುಡಿಮೆ ಯಾರದ್ದೂ ಅಲ್ಲದಾಯಿತು.

ಆಗಬೇಕಾದುದು

ಬೆಟ್ಟದ ಜನರ ಕೈ ಪೂರ್ತಿ ಬರಿದಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅಂಟು, ಸೊಪ್ಪು, ಮೂಲಿಕೆಗಳಂತಹ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅರಣ್ಯವಾಸಿಗಳಿಗೂ, ಕಾಡನ್ನು ರಕ್ಷಿಸುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು 2011ರಲ್ಲಿ ಸಮುದಾಯ ಅರಣ್ಯ ಹಕ್ಕನ್ನು ಪಡೆದಿವೆ. ಈ ಅಧಿಕಾರವನ್ನು ಹೊನ್ನೆಯ ರಕ್ಷಣೆಗೆ ಬಳಸಬೇಕು. ಊರ ಎಲ್ಲೆಯಲ್ಲಿ ಎಷ್ಟು ಹೊನ್ನೆಗಳಿವೆ, ಎಷ್ಟು ಸಸಿಗಳಿವೆ, ಯಾವ ವೈದ್ಯರು ಯಾವ ಭಾಗವನ್ನು ಬಳಸುತ್ತಾರೆ ಎಂಬುದನ್ನು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಬೇಕು. ಈ ಎಣಿಕೆಗೆ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗಿಂತ ಒಳ್ಳೆಯ ಕೈಗಳಿಲ್ಲ.

ಅಂಟನ್ನು ತೆಗೆಯುವವರು ಮರವನ್ನು ಸುತ್ತುಗಟ್ಟಿ ಸುಲಿಯದೆ, ಸರದಿಯ ಮೇಲೆ ತೆಗೆಯುವ ಕಟ್ಟುಪಾಡನ್ನು ಗ್ರಾಮಸಭೆಯೇ ಮಾಡಬೇಕು. ಅರಣ್ಯ ಇಲಾಖೆ ತೇಗ, ಅಕೇಶಿಯಾಗಳ ಮೋಹವನ್ನು ಬಿಟ್ಟು ಒಣಕಾಡಿನ ಸಸಿಮಡಿಗಳಲ್ಲಿ ಹೊನ್ನೆಯನ್ನು ಬೆಳೆಸಬೇಕು. ರೋಗ ವಾಸಿಯಾಗುತ್ತದೆಂದು ಲೋಟ ಮಾರುವವರನ್ನು, ಔಷಧ ಮಾರುವವರಂತೆಯೇ, ಮರ ಎಲ್ಲಿಯದು ಮತ್ತು ರುಜುವಾತು ಏನು ಎಂದು ಸರ್ಕಾರ ಕೇಳಬೇಕು. ಟೆರೊಸ್ಟಿಲ್ಬೀನ್ ಇಂದು ಕಾರ್ಖಾನೆಯಲ್ಲಿ ತಯಾರಾಗುವ ವಸ್ತು. ಅದರಲ್ಲಿ ಮದ್ದಿದೆಯೇ ಎಂದು ಪರೀಕ್ಷಿಸಲು ಒಂದು ಮರವನ್ನೂ ಉರುಳಿಸಬೇಕಿಲ್ಲ.

ಕೊಳ್ಳುವವರಿಗೂ ಒಂದು ಹೊಣೆಯಿದೆ. ಸಕ್ಕರೆ ಕಾಯಿಲೆಗೆ ವೈದ್ಯರು, ಗುಳಿಗೆ, ಊಟದ ಹತೋಟಿ, ನಡಿಗೆ ಇವೆ. ಉರುಳಿದ ಹೊನ್ನೆಗೆ ಮದ್ದಿಲ್ಲ. ಲೋಟವನ್ನು ಅಂಗಡಿಯಲ್ಲೇ ಬಿಟ್ಟು ಬಂದರೆ ಅಷ್ಟರಮಟ್ಟಿಗೆ ಮರ ಕಾಡಿನಲ್ಲಿ ಉಳಿಯುತ್ತದೆ.