ಹಳೆಯ ಆದಾಯ, ಹೊಸ ಕಾಯಿಲೆ

ದೊಡ್ಡ ಕಾಯಿಲೆ ಬಂದ ಮನೆಯಲ್ಲಿ ದುಡಿಯುವ ಒಂದು ಕೈ ಕಡಿಮೆಯಾಗುತ್ತದೆ. ರೋಗಿಯನ್ನು ನೋಡಿಕೊಳ್ಳಲು ಇನ್ನೊಂದು ಕೈಯೂ ಕೆಲಸ ಬಿಡಬೇಕಾಗುತ್ತದೆ. ಏರುವುದು ಖರ್ಚು ಮಾತ್ರ. ಆದರೆ ಈ ಮನೆ ಸರಕಾರದ ನೆರವಿಗೆ ಅರ್ಹವೇ ಎಂದು ನಿರ್ಧರಿಸುವಾಗ ಎಣಿಸುವುದು ಕಾಯಿಲೆಗೆ ಮೊದಲಿನ ಆದಾಯವನ್ನು. ಖರ್ಚನ್ನಂತೂ ಯಾರೂ ಕೇಳುವುದಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಇಲ್ಲಿ ತಿಂಗಳ ಪಗಾರ ನಂಬಿದ ಮನೆಗಳು ಕಡಿಮೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಕೂಲಿ ಉಂಟು, ಬೇಸಗೆಯಲ್ಲಿ ಸಿಕ್ಕಷ್ಟೇ. ರಾಮದುರ್ಗದ ನೇಕಾರನಿಗೆ ನೂಲು ಬಂದರೆ ಮಗ್ಗ ನಡೆಯುತ್ತದೆ, ಇಲ್ಲವಾದರೆ ಇಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಎಷ್ಟೋ ಮನೆಗಳ ವರ್ಷದ ಗಳಿಕೆ ನೀರುಪಾಲಾಯಿತು. ಇಂಥವರ ‘ವಾರ್ಷಿಕ ಆದಾಯ’ ಎಂದರೆ ಯಾವುದು? ನಾಡಕಚೇರಿಯ ಆದಾಯ ಪತ್ರವಾದರೋ ಐದು ವರ್ಷ ಚಾಲ್ತಿಯಲ್ಲಿರುತ್ತದೆ!

ಬಿ.ಪಿ.ಎಲ್. ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ ರೂಪಾಯಿಯ ಮಿತಿ ನಡೆದುಬಂದಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಉಳಿದವರಿಗೆ ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.50 ಲಕ್ಷದ ಮಿತಿಯಲ್ಲಿ. ಒಂದು ಲಕ್ಷದ ಶಸ್ತ್ರಚಿಕಿತ್ಸೆ ಎಂದಿಟ್ಟುಕೊಳ್ಳಿ. ಮಿತಿಯ ಒಳಗಿನವನು ಏನೂ ಕೊಡಬೇಕಾಗಿಲ್ಲ. ಮಿತಿಯನ್ನು ನೂರು ರೂಪಾಯಿಯಿಂದ ದಾಟಿದವನು 70 ಸಾವಿರ ಕೊಡಬೇಕು. ಅದು ಆತನ ಏಳು ತಿಂಗಳ ಗಳಿಕೆ.

ಇನ್ನು ಕೂಲಿಯ ಲೆಕ್ಕ ನೋಡಿ. ಉದ್ಯೋಗ ಖಾತರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 2017–18ರಲ್ಲಿ 236 ರೂಪಾಯಿ, 2025–26ರಲ್ಲಿ 370. ಆ ದರದಲ್ಲಿ ಗಂಡ ಹೆಂಡತಿ ಸೇರಿ 508 ದಿನ ದುಡಿದರೂ 1.20 ಲಕ್ಷ ದಾಟುತ್ತಿರಲಿಲ್ಲ, ಈ ದರದಲ್ಲಿ 325ನೇ ದಿನಕ್ಕೇ ದಾಟುತ್ತದೆ. ಮನೆ ಶ್ರೀಮಂತವಾಯಿತೆ? ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರನ್ನು ಕೇಳಿ ನೋಡಿ. ಚಿಕಿತ್ಸೆ ಪುಕ್ಕಟೆ ಸಿಕ್ಕರೂ ಹೋದ ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. (2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ, ಗಂಡಸು ರೋಗಿಗೆ ಟಿಕೆಟ್ಟು ತಪ್ಪಿಲ್ಲ.)

ಆದಾಯ ಬದಲಾಗುವುದನ್ನು ಕಾನೂನು ಎಣಿಕೆಗೆ ತೆಗೆದುಕೊಳ್ಳಲಾರದು ಎಂದೇನಿಲ್ಲ. ಕಾರ್ಖಾನೆ ಕಾರ್ಮಿಕರ ಇ.ಎಸ್.ಐ.ಗೆ 2017ರ ಜನವರಿಯಿಂದ 21,000 ರೂಪಾಯಿ ಪಗಾರದ ಮಿತಿ ಇದೆ. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂದು ಎರಡು ಅವಧಿಗಳು. ಅವಧಿಯ ನಡುವೆ ಪಗಾರ ಮಿತಿ ದಾಟಿದರೆ ಕೂಡಲೇ ಹೊರಗೆ ಹಾಕುವುದಿಲ್ಲ, ಅವಧಿ ಮುಗಿಯುವವರೆಗೆ ಆತ ಒಳಗೇ ಇರುತ್ತಾನೆ. ಕಾರ್ಖಾನೆಯವನಿಗೆ ಇರುವ ಈ ಸೌಜನ್ಯ ಹೊಲದ ಕೂಲಿಗೆ, ಮಗ್ಗದವನಿಗೆ ಏಕೆ ಬೇಡ?

ಆಸ್ಪತ್ರೆಗೆ ಸೇರುವ ಹಿಂದಿನ ಮೂರು ತಿಂಗಳ ಗಳಿಕೆ ನೋಡಬೇಕು, ಅದರಲ್ಲಿ ಔಷಧ, ಓಡಾಟದ ಖರ್ಚನ್ನು ಕಳೆದು ಉಳಿದದ್ದನ್ನು ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಶೇ. 30ರ ಬದಲು ಮಿತಿಯ ಸಮೀಪದವರಿಗೆ ಶೇ. 80, ಆಮೇಲೆ 60 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು. ಸುಳ್ಳು ಲೆಕ್ಕ ಕೊಡುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಆದರೆ ತಲಾಠಿಯ ಅಂದಾಜಿಗಿಂತ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಔಷಧದ ಬಿಲ್ಲುಗಳಲ್ಲಿ ಸುಳ್ಳು ಹೇಳುವುದು ಕಷ್ಟ.

ಅಲ್ಲಿಯವರೆಗೆ ಓದುಗರು ಔಷಧದ ಬಿಲ್ಲು, ಆಸ್ಪತ್ರೆಯ ಚೀಟಿಗಳನ್ನು ಒಂದು ಚೀಲದಲ್ಲಿ ಕೂಡಿಡಲಿ. ಗಳಿಕೆ ಬಿದ್ದುಹೋಗಿದ್ದರೆ ಹಳೆಯ ಆದಾಯ ಪತ್ರವನ್ನೇ ನೆಚ್ಚದೆ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಲಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ತುರ್ತು ಸ್ಥಿತಿಯಲ್ಲಿ ಮಾತ್ರ ಇದಕ್ಕೆ ವಿನಾಯಿತಿ.