ಚರಿತ್ರೆಯನ್ನು ಹೇಳುವ ಅಧಿಕಾರ ಯಾರಿಗಿದೆ?

ಕೆಲವು ತಿಂಗಳ ಹಿಂದೆ ಮಠವೊಂದರ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನ ನಡೆಯಿತು. ಎಂಬತ್ತು ಮೀರಿದ ನಿವೃತ್ತ ಶಾಲಾ ಶಿಕ್ಷಕರೊಬ್ಬರು ಎದ್ದುನಿಂತು, ತಾವು ಬಾಲಕರಾಗಿದ್ದಾಗ ಸುಗ್ಗಿಯಲ್ಲಿ ಬಂಡಿ ಹೂಡಿಕೊಂಡು ಹಳ್ಳಿಹಳ್ಳಿಗೆ ಹೋಗಿ ಮಠಕ್ಕೆ ಜೋಳ ಕೂಡಿಸಿ ತರುತ್ತಿದ್ದ ಬಗೆಯನ್ನು ಹೇಳತೊಡಗಿದರು. ಮಳೆ ಕೈಕೊಟ್ಟ ಒಂದು ವರ್ಷ ಒಂದು ಮನೆಯವರು ಬಿತ್ತನೆಗೆಂದು ಇಟ್ಟಿದ್ದ ಬೀಜದ ಜೋಳವನ್ನೇ ತೆಗೆದುಕೊಟ್ಟರೆಂಬಲ್ಲಿಗೆ ಮಾತು ಬಂದಿತ್ತು. ವೇದಿಕೆಯ ಮೇಲಿದ್ದ ವಿದ್ವಾಂಸರೊಬ್ಬರು ನಡುವೆ ಬಾಯಿ ಹಾಕಿ, “ಗುರುಗಳೇ, ಇವು ಚೆಂದದ ನೆನಪುಗಳು, ಚರಿತ್ರೆಯಲ್ಲ. ಅದನ್ನು ಬಲ್ಲವರಿಗೆ ಬಿಡಿ” ಎಂದರು. ಸಭೆ ನಕ್ಕಿತು. ಹಿರಿಯರು ಕುಳಿತುಬಿಟ್ಟರು. ಬೀಜದ ಜೋಳ ಕೊಟ್ಟ ಮನೆತನದ ಹೆಸರು ಆ ದಿನ ಸಭೆಗೆ ತಿಳಿಯಲೇ ಇಲ್ಲ.

ಆ ನಗೆಯಲ್ಲಿ ನಾನೂ ಅರೆಮನಸ್ಸಿನಿಂದ ಪಾಲುಗೊಂಡಿದ್ದೆನೆಂಬ ನಾಚಿಕೆಯಿಂದಲೇ ಈ ಮಾತುಗಳನ್ನು ಬರೆಯಬೇಕಾಗಿದೆ.

ಬೇರೆ ಯಾವ ವೇದಿಕೆಯಲ್ಲಿ ಈ ಮಾತು ಬಂದಿದ್ದರೂ ಸಹಿಸಬಹುದಿತ್ತು. ಆದರೆ ಶರಣರ ಹೆಸರು ಹೇಳಿ ಅನ್ನ ಉಣ್ಣುವ ನೆಲೆಯಲ್ಲಿ ಇದು ಹೇಗೆ ಸಲ್ಲುತ್ತದೆ? ಹನ್ನೆರಡನೆಯ ಶತಮಾನದ ಬಾಳನ್ನು ನಾವು ಇಂದು ಯಾರ ಮಾತಿನಿಂದ ಬಲ್ಲೆವು? ದೋಣಿ ನಡೆಸಿದ ಅಂಬಿಗರ ಚೌಡಯ್ಯನವರ, ಹಗ್ಗ ಹೊಸೆದ ನುಲಿಯ ಚಂದಯ್ಯನವರ, ಅಕ್ಕಿ ಆಯ್ದ ಲಕ್ಕಮ್ಮನವರ ಮಾತಿನಿಂದಲ್ಲವೇ? ಅವರಾರೂ ಅರಸನ ಆಸ್ಥಾನದಲ್ಲಿ ಅಧಿಕಾರಪತ್ರ ಪಡೆದು ಮಾತನಾಡಿದವರಲ್ಲ.

ಆ ಮಾತುಗಳು ಉಳಿದುಬಂದ ದಾರಿಯನ್ನೂ ನೋಡಬೇಕು. ಮಠಗಳ ಭಂಡಾರಗಳಲ್ಲಿ ಉಳಿದವು ಬಹಳವಿದ್ದವು, ನಿಜ. ಆದರೆ ಜಗಲಿಯ ಮೇಲೆ, ದೇವರ ಮಾಡದಲ್ಲಿ, ಅಟ್ಟದ ಹೊಗೆಯಲ್ಲಿ ಉಳಿದ ತಾಳೆಗರಿಯ ಕಟ್ಟುಗಳೂ ಕಡಿಮೆಯಿರಲಿಲ್ಲ. ಓದಲು ಬಾರದ ಮನೆಯವರೂ ವಿಭೂತಿ ಹಚ್ಚಿ ಹೂವೇರಿಸಿ ಅವನ್ನು ಕಾಪಾಡಿದರು. ಆ ಕಟ್ಟುಗಳನ್ನು ಅರಸುತ್ತ ಊರೂರು ಅಲೆದ ಫ. ಗು. ಹಳಕಟ್ಟಿಯವರು ಚರಿತ್ರೆಯ ಪ್ರಾಧ್ಯಾಪಕರಾಗಿರಲಿಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಈ ಕಾಯಕಕ್ಕಾಗಿ ವಾಸದ ಮನೆಯನ್ನೂ ಮಾರಿಕೊಂಡರು. ಒಂದು ಮನೆಯ ಒಡತಿ ತನ್ನ ಜಗಲಿಯ ಗಂಟನ್ನು ನಂಬಿ ಬಿಚ್ಚಿಕೊಟ್ಟಳು, ಒಬ್ಬ ವಕೀಲರು ಕಕ್ಷಿದಾರರ ಕಾಗದಗಳನ್ನು ಬದಿಗಿಟ್ಟು ಅದನ್ನು ಓದಿದರು: ಚರಿತ್ರೆ ನಡೆದುಬಂದದ್ದು ಹೀಗೆ. ಮುಂದೆ 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದ ವಿದ್ವಾಂಸರ ಶ್ರಮ ಅಸಾಧಾರಣವಾದುದು. ಆದರೆ ಗರಿಯೇ ಉಳಿಯದಿದ್ದರೆ ಅವರಾದರೂ ಏನನ್ನು ಶೋಧಿಸುತ್ತಿದ್ದರು?

ಇಷ್ಟು ಹೇಳಿದ ಮೇಲೆ ನಮ್ಮವರ ತಪ್ಪನ್ನೂ ಹೇಳದೆ ಗತ್ಯಂತರವಿಲ್ಲ. ವಿದ್ವಾಂಸರ ನಗೆಗೆ ಅವಕಾಶ ಕೊಟ್ಟವರಲ್ಲಿ ನಾವೂ ಇದ್ದೇವೆ. ಬೆಳಗಾದರೆ ಮೊಬೈಲಿನಲ್ಲಿ ಬರುವ ವಚನಗಳನ್ನು ನೋಡಿರಿ: ಅರ್ಧ ಸಾಲು, ಅಂಕಿತವಿಲ್ಲ, ಯಾರದೆಂಬುದಿಲ್ಲ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಅಲಂಕಾರಕ್ಕೆ ಬಂದವಲ್ಲ. ಎಂಟುನೂರು ವರ್ಷಗಳ ಆಚೆಯಿಂದಲೂ ಮಾತಿನ ಒಡೆಯರನ್ನು ಗುರುತಿಸಲು ನೆರವಾಗುವವು ಅವೇ. ಅದನ್ನು ಕತ್ತರಿಸಿ ಹಂಚುವ ಭಕ್ತನಿಗೆ ತಾನು ಮಾಡುತ್ತಿರುವುದು ಏನೆಂಬ ಅರಿವಿದೆಯೇ? ಇನ್ನು ಊರಿಗೊಂದು ಕಲ್ಲು ತೋರಿಸಿ ಬಸವಣ್ಣನವರು ಇಲ್ಲಿ ಕುಳಿತಿದ್ದರೆನ್ನುವವರ ಸಂಖ್ಯೆಗೆ ಮಿತಿಯಿಲ್ಲ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಬಸವಣ್ಣನವರನ್ನು ಹೆಸರಿಸುವ 1260ರ ಶಾಸನವೇ ಇದೆ. ಅದನ್ನು ಕಣ್ಣಾರೆ ನೋಡಿ ಬಂದವರು ಈ ಕಲ್ಲುಗಳ ಭಕ್ತರಲ್ಲಿ ಎಷ್ಟು ಮಂದಿ?

ನಮ್ಮ ಹಳೆಯ ಲಿಪಿಕಾರರು ಹೀಗಿರಲಿಲ್ಲ. ಗರಿಯ ಮೇಲೆ ಗ್ರಂಥವನ್ನು ಪ್ರತಿ ಮಾಡಿ ಮುಗಿಸಿದವರಲ್ಲಿ ಅನೇಕರು ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ತಮ್ಮ ಹೆಸರು, ತಮ್ಮ ಊರುಗಳನ್ನು ಬರೆದರು. ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಬೇಡಿಕೊಂಡರು. ಇವರಲ್ಲಿ ಎಷ್ಟೋ ಮಂದಿ ನಮ್ಮ ನಿಮ್ಮಂಥ ಸಾಮಾನ್ಯರೇ. ತಾನು ಯಾರು, ಎಂದು ಬರೆದೆ, ಎಲ್ಲಿ ತಪ್ಪಿರಬಹುದು ಎಂಬಿಷ್ಟನ್ನು ಹೇಳುವವನ ಬಾಯಿ ಮುಚ್ಚಿಸುವ ಅಧಿಕಾರ ಯಾವ ಪದವೀಧರನಿಗೂ ಇಲ್ಲ. ಇಷ್ಟನ್ನೂ ಹೇಳಲಾರದವನು, ಪದವಿಯಿದ್ದರೂ, ಸುಮ್ಮನಿರುವುದೇ ಲೇಸು.

ನಮ್ಮ ಮಠಗಳ ಸ್ಮರಣ ಸಂಚಿಕೆಗಳ ವಿಷಯವೂ ಇಲ್ಲಿಯೇ ಬರುತ್ತದೆ. ಪೂಜ್ಯರ ಭಾವಚಿತ್ರಗಳು, ಮಂತ್ರಿಗಳ ಶುಭಸಂದೇಶಗಳು, ಕಟ್ಟಡಕ್ಕೆ ದೇಣಿಗೆಯಿತ್ತವರ ಪಟ್ಟಿ ಎಲ್ಲವೂ ಇರುತ್ತವೆ, ಜಾಹೀರಾತುಗಳಂತೂ ಇದ್ದೇ ಇರುತ್ತವೆ. ನಸುಕಿನಲ್ಲೆದ್ದು ನೂರಾರು ಮಕ್ಕಳಿಗೆ ರೊಟ್ಟಿ ಬಡಿದ ತಾಯಂದಿರ ಹೆಸರು ಎಷ್ಟು ಸಂಚಿಕೆಗಳಲ್ಲಿದೆ? ಕಂತೆಭಿಕ್ಷೆಗೆ ಹೋದಾಗ ಬಾಗಿಲು ತೆರೆದ ಮನೆಗಳ ಹೆಸರು? ದಾಸೋಹದ ಚರಿತ್ರೆಯೆಂದು ಬರೆದು ದಾಸೋಹಿಗಳನ್ನೇ ಬಿಟ್ಟರೆ ಅದನ್ನು ಏನೆಂದು ಕರೆಯಬೇಕೋ ತಿಳಿಯದು. ಆ ರೊಟ್ಟಿ ಉಂಡವರು ಇಂದು ವೈದ್ಯರು, ಅಭಿಯಂತರು, ಅಧಿಕಾರಿಗಳು. ಬೇಕೆಂದಾಗ ಪೆನ್ನು ಹಿಡಿಯಬಲ್ಲವರು.

ಇನ್ನೊಂದು ಮಾತು. ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದ ಮೇಲೆ ಹಳೆಯ ಕಟ್ಟುಗಳನ್ನು ಹೊಳೆಗೆ ಬಿಡುವ ರೂಢಿ ಕೆಲವೆಡೆ ಇದೆ. ಹೊಳೆಗೆ ಬಿಟ್ಟದ್ದನ್ನು ಯಾವ ಹಳಕಟ್ಟಿಯವರೂ ಮರಳಿ ತರಲಾರರು. ಧಾರವಾಡದ ಕನ್ನಡ ಅಧ್ಯಯನ ಪೀಠದಲ್ಲಿ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಭಂಡಾರಗಳಿವೆ. ಕಟ್ಟನ್ನು ಕೊಡಲು ಮನಸ್ಸಿಲ್ಲದಿದ್ದರೆ ಬೇಡ. ಅದು ಎಂಥ ಗ್ರಂಥವೆಂಬುದನ್ನಾದರೂ ಬಲ್ಲವರಿಗೆ ತೋರಿಸಿ ತಿಳಿದುಕೊಳ್ಳಿರಿ.

ಆ ಸಮ್ಮಿಲನದ ಮರುವಾರ ಗುರುಗಳ ಮನೆಯನ್ನು ಹುಡುಕಿಕೊಂಡು ಹೋದೆ. ಮೊದಲು ಅವರು ಒಲ್ಲೆನೆಂದರು. ಚಹಾ ಬಂದ ಮೇಲೆ ತಾವಾಗಿಯೇ ತೊಡಗಿದರು. ತಾವು ಮುಲ್ಕಿ ಪರೀಕ್ಷೆಗೆ ಕುಳಿತ ವರ್ಷ ಅದು ನಡೆದದ್ದೆಂದರು. ಊರನ್ನೂ ಮನೆತನವನ್ನೂ ಹೇಳಿದರು. ನಾನು ಬರೆದುಕೊಂಡೆ. ಏಳುವ ಹೊತ್ತಿಗೆ ತಡೆದು ಹೀಗೆಂದರು: “ಕೊಟ್ಟದ್ದು ಎರಡು ಚೀಲ ಅಂತ ನನ್ನ ನೆನಪು. ಬಂಡಿಯಲ್ಲಿ ನನ್ನ ಜೊತೆಗಿದ್ದವರು ಮೂರು ಅಂತಾರೆ. ಎರಡೂ ಬರಕೊಳ್ರಿ.”