ಕರಪತ್ರದಲ್ಲಿದ್ದ ಹೆಸರು ಪರದೆಯಲ್ಲಿಲ್ಲ

ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ‘ಕುರುಕ್ಷೇತ್ರ’ದ ತಾಲೀಮೂ ಆರಂಭವಾಯಿತೆಂದೇ ಅರ್ಥ. ದೊಡ್ಡಬಳ್ಳಾಪುರದ ಮಗ್ಗದ ಕಾರ್ಮಿಕ ದುರ್ಯೋಧನನಾಗುತ್ತಾನೆ. ನೆಲಮಂಗಲದ ಕಾರ್ಖಾನೆ ನೌಕರ ಕೃಷ್ಣನಾಗುತ್ತಾನೆ. ಪಾತ್ರಕ್ಕೆ ತಕ್ಕಂತೆ ಹಣ ಹಾಕಿ, ತಿಂಗಳುಗಟ್ಟಲೆ ಕಲಿತು, ಒಂದೇ ರಾತ್ರಿ ಬಣ್ಣ ಹಚ್ಚುವ ಈ ಹವ್ಯಾಸಿಗಳಿಗೆ ಕಂದ, ವೃತ್ತ, ರಂಗಗೀತೆಗಳನ್ನು ಕಲಿಸಿ, ವೇದಿಕೆಯ ಮಗ್ಗುಲಲ್ಲಿ ಕುಳಿತು ಬೆಳಗಿನ ಜಾವದವರೆಗೆ ನುಡಿಸುವವನೇ ಹಾರ್ಮೋನಿಯಂ ಮೇಷ್ಟ್ರು. ಎರಡು ದಶಕಗಳಿಂದ ಈ ವೃತ್ತಿಯಲ್ಲಿರುವ ನಾನು ಈಗ ಹಾರ್ಮೋನಿಯಂ ಮುಂದೆ ಕೂರುವಷ್ಟೇ ಹೊತ್ತು ಕಂಪ್ಯೂಟರ್ ಮುಂದೆಯೂ ಕೂರುತ್ತೇನೆ.

ಇದು ಶೋಕಿಗಾಗಿ ಕಲಿತ ವಿದ್ಯೆಯಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ನಂತರ ಸುತ್ತಲಿನ ಊರುಗಳ ದಿನಚರಿಯೇ ಬದಲಾಯಿತು. ಪಾಳಿಯಲ್ಲಿ ದುಡಿಯುವ ಪಾತ್ರಧಾರಿಗಳನ್ನು ರಾತ್ರಿ ಎಂಟಕ್ಕೆ ಒಟ್ಟಿಗೆ ಸೇರಿಸುವುದು ಅಸಾಧ್ಯವಾಯಿತು. ಆದ್ದರಿಂದ ಪ್ರತಿಯೊಬ್ಬನ ಪದಗಳನ್ನೂ ಅವನವನ ಶ್ರುತಿಯಲ್ಲಿ ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸತೊಡಗಿದೆ. ಕೃಷ್ಣನದು ಕಪ್ಪು ಎರಡು, ಅರ್ಜುನನದು ಬಿಳಿ ನಾಲ್ಕಾದರೆ ಮತ್ತೊಮ್ಮೆ ನುಡಿಸಬೇಕಾಗಿಲ್ಲ. ಉಚಿತವಾಗಿ ದೊರೆಯುವ ‘ಆಡಾಸಿಟಿ’ ತಂತ್ರಾಂಶದಲ್ಲಿ ಶ್ರುತಿ ಬದಲಿಸಿದರಾಯಿತು. ಯಾವ ಊರು, ಯಾವ ತಾರೀಖು, ಮುಂಗಡ ಎಷ್ಟು, ಬಾಕಿ ಎಷ್ಟು ಎಂಬುದೆಲ್ಲ ಎಕ್ಸೆಲ್‌ನಲ್ಲಿದೆ. ಬಾಕಿಯ ಕಂಬ ಮಾತ್ರ ಡೈರಿಯ ಕಾಲದಲ್ಲಿ ಇದ್ದಷ್ಟೇ ಉದ್ದವಾಗಿದೆ.

ಇಷ್ಟು ಅನುಕೂಲ ಒದಗಿಸಿದ ಯಂತ್ರವೇ ನಮ್ಮಿಂದ ಒಂದನ್ನು ಕಸಿದುಕೊಂಡಿದೆ. ನಾಟಕದ ಕರಪತ್ರದಲ್ಲಿ ಪಾತ್ರಧಾರಿಗಳ ಪಟ್ಟಿಯ ಕೆಳಗೆ ಹಾರ್ಮೋನಿಯಂ, ತಬಲ ನುಡಿಸುವವರ ಹೆಸರುಗಳು ತಪ್ಪದೆ ಇರುತ್ತಿದ್ದವು. ಈಗ ಅದೇ ನಾಟಕ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತದೆ. ಶೀರ್ಷಿಕೆಯಲ್ಲಿ ಊರಿನ ಹೆಸರು, ದುರ್ಯೋಧನನ ಪಾತ್ರಧಾರಿಯ ಹೆಸರು, ವಿಡಿಯೊದವರ ಫೋನ್ ನಂಬರ್ ಇರುತ್ತವೆ. ಇಡೀ ರಾತ್ರಿ ಕೇಳಿಸುವ ಹಾರ್ಮೋನಿಯಂ ಯಾರದೆಂದು ಎಲ್ಲಿಯೂ ಇರುವುದಿಲ್ಲ.

ಹೆಸರಿನಲ್ಲೇನಿದೆ ಎಂದು ಕೇಳುವವರು ಲೆಕ್ಕವನ್ನು ಗಮನಿಸಬೇಕು. ಯೂಟ್ಯೂಬ್ ಜಾಹೀರಾತಿನ ಪಾಲು ಪಡೆಯಲು ಚಾನೆಲ್ಲಿಗೆ 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂಬುದು 2018ರಿಂದ ಇರುವ ನಿಯಮ. ಎಂಟು ಗಂಟೆಯ ನಾಟಕವನ್ನು 500 ಮಂದಿ ಪೂರ್ತಿ ನೋಡಿದರೆ ಅಷ್ಟು ಗಂಟೆಗಳು ತುಂಬುತ್ತವೆ. ಪೂರ್ತಿ ಯಾರೂ ನೋಡುವುದಿಲ್ಲ, ನಿಜ. ಆದರೆ ಒಂದು ಹಂಗಾಮಿನಲ್ಲಿ ಹತ್ತಾರು ನಾಟಕಗಳನ್ನು ಹಾಕುವ ಚಾನೆಲ್ಲಿಗೆ ಇದು ದೊಡ್ಡ ಗುರಿಯಲ್ಲ. ಆ ಆದಾಯದಲ್ಲಿ ನುಡಿಸಿದವನಿಗೆ ಪಾಲಿರಲಿ, ನುಡಿಸಿದ್ದಕ್ಕೆ ದಾಖಲೆಯೂ ಇಲ್ಲ. ಕಲಾವಿದರ ಮಾಸಾಶನಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕುವಾಗ ಕಲಾಸೇವೆಗೆ ಪುರಾವೆ ಬೇಕು. ಆಗ ನನ್ನಂಥವರು ಹುಡುಕುವುದು ಅದೇ ಹಳೆಯ, ಹಳದಿಗಟ್ಟಿದ ಕರಪತ್ರಗಳನ್ನು.

ಕಾನೂನು ನಮ್ಮ ವಿರುದ್ಧವಾಗಿಲ್ಲ ಎಂಬುದೇ ಸೋಜಿಗ. 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ನಟ, ಗಾಯಕ, ವಾದಕರಷ್ಟೇ ಅಲ್ಲ, ಹಾವಾಡಿಗನೂ ‘ಪ್ರದರ್ಶಕ’. 2012ರ ತಿದ್ದುಪಡಿಯ ಪ್ರಕಾರ ಪ್ರದರ್ಶನವನ್ನು ಧ್ವನಿ ಅಥವಾ ದೃಶ್ಯ ರೂಪದಲ್ಲಿ ಮುದ್ರಿಸುವ ಹಕ್ಕು ಪ್ರದರ್ಶಕನದು. ತನ್ನನ್ನು ಪ್ರದರ್ಶಕನೆಂದು ಗುರುತಿಸಬೇಕೆಂದು ಕೇಳುವ ಹಕ್ಕೂ ಅವನಿಗಿದೆ. ಈ ಹಕ್ಕಿನ ಅವಧಿ 50 ವರ್ಷ. ಗಾಯಕರು, ವಾದಕರಿಗಾಗಿ ‘ಇಸಾಮ್ರಾ’, ಗೀತರಚನಕಾರರು, ಸಂಯೋಜಕರಿಗಾಗಿ ‘ಐಪಿಆರ್‌ಎಸ್’ ಎಂಬ ಸಂಸ್ಥೆಗಳಿವೆ. ಎರಡರ ಪ್ರಧಾನ ಕಚೇರಿಯೂ ಮುಂಬೈಯಲ್ಲಿ. ಹೊಸಕೋಟೆಯ ತಬಲ ವಾದಕನಿಗೆ ಇವುಗಳ ಹೆಸರನ್ನು ಹೇಳಿದವರು ಯಾರು?

ನನ್ನದೇ ಒಂದು ಅನುಭವ ಹೇಳುತ್ತೇನೆ. ಗುರುಗಳಿಂದ ಕಲಿತ ಹಳೆಯ ಕಂದವೊಂದನ್ನು ನಾನೇ ಹಾಡಿ, ನುಡಿಸಿ ಯೂಟ್ಯೂಬ್‌ಗೆ ಹಾಕಿದ್ದೆ. ಮರುದಿನವೇ ಧ್ವನಿಸುರುಳಿ ಸಂಸ್ಥೆಯೊಂದು ಅದರ ಮೇಲೆ ಹಕ್ಕು ಸಾಧಿಸಿರುವುದಾಗಿ ಸೂಚನೆ ಬಂತು. ಇದು ‘ಕಂಟೆಂಟ್ ಐಡಿ’ ಎಂಬ ವ್ಯವಸ್ಥೆಯ ಕೆಲಸ. ತನ್ನ ಭಂಡಾರಕ್ಕೆ ಸೇರಿಸಿದ ಧ್ವನಿಮುದ್ರಣದೊಂದಿಗೆ ಹೊಸದನ್ನು ಯಂತ್ರವೇ ಹೋಲಿಸಿ ನೋಡುತ್ತದೆ. ಧಾಟಿಯ ಸಾಮ್ಯ ಕಂಡರೂ ಹಕ್ಕು ದಾಖಲಿಸುತ್ತದೆ. ಆ ಧಾಟಿ ಧ್ವನಿಸುರುಳಿಯ ಕಾಲಕ್ಕಿಂತ ಮುಂಚೆ ಕಂಪನಿ ನಾಟಕದ ವೇದಿಕೆಯಲ್ಲಿ ಬೆಳೆದದ್ದೆಂದು ಅದಕ್ಕೇನು ಗೊತ್ತು? ಆಕ್ಷೇಪ ಸಲ್ಲಿಸಿದೆ. ಉತ್ತರ ಕೊಡಲು ಎದುರಿನವರಿಗೆ 30 ದಿನಗಳ ಅವಕಾಶ. ಅವರು ಉತ್ತರಿಸಲಿಲ್ಲ, ಹಕ್ಕು ತಾನಾಗಿ ಬಿದ್ದುಹೋಯಿತು. ಇಂಗ್ಲಿಷಿನ ಆ ನಮೂನೆಯನ್ನು ತುಂಬಿಕೊಟ್ಟವಳು ಪದವಿ ಓದುತ್ತಿರುವ ಮಗಳು. ಅಂಥ ಮಗಳಿಲ್ಲದ ಮೇಷ್ಟ್ರು ವಿಡಿಯೊವನ್ನೇ ಅಳಿಸಿ ಸುಮ್ಮನಾಗುತ್ತಾನೆ.

ಇಲಾಖೆಯಾಗಲಿ, ನಾಟಕ ಅಕಾಡೆಮಿಯಾಗಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಒಂದು ಪುಟದ ಕನ್ನಡದ ಒಪ್ಪಂದ ಪತ್ರ, ತಾಲ್ಲೂಕಿಗೊಬ್ಬ ತಿಳಿದ ಸಹಾಯಕ, ಪ್ರಾಯೋಜಿತ ಕಾರ್ಯಕ್ರಮಗಳ ವಿಡಿಯೊಗಳಲ್ಲಿ ವಾದ್ಯವೃಂದದ ಹೆಸರು ಕಡ್ಡಾಯವೆಂಬ ಒಂದು ಆದೇಶ, ಇಷ್ಟಿದ್ದರೆ ಸಾಕು. ಸನ್ಮಾನದ ಶಾಲಿಗಿಂತ ಇದಕ್ಕೆ ಕಡಿಮೆ ಖರ್ಚಾಗುತ್ತದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡವೆಂದು ಈ ಬಾರಿ ಮುಂಗಡ ಪಡೆಯುವಾಗ ರಸೀದಿಯಲ್ಲಿ ಒಂದು ಸಾಲು ಸೇರಿಸಿದೆ: ವಿಡಿಯೊ ಹಾಕಿದರೆ ಹಿಮ್ಮೇಳದವರ ಹೆಸರುಗಳನ್ನು ಶೀರ್ಷಿಕೆಯ ಕೆಳಗೆ ಕನ್ನಡದಲ್ಲಿ ಬರೆಯತಕ್ಕದ್ದು. ಹೊಸಕೋಟೆ ತಾಲ್ಲೂಕಿನ ಊರೊಂದರ ಮುಖಂಡರು ಅದನ್ನು ಓದಿ, ‘ಇದೇನು ಮೇಷ್ಟ್ರೇ, ಹೊಸ ಕರಾರು?’ ಎಂದು ನಕ್ಕು ರುಜು ಹಾಕಿದರು. ನಾಟಕದ ಮರುದಿನ ವಿಡಿಯೊ ಬಂತು. ನನ್ನ ಹೆಸರಿತ್ತು, ತಬಲದವರದು ಇರಲಿಲ್ಲ. ಮತ್ತೆ ಫೋನ್ ಮಾಡಿದ್ದೇನೆ, ಸೇರಿಸುತ್ತೇವೆ ಎಂದಿದ್ದಾರೆ.